ಹೊಗೆಯಲ್ಲಿ ಬೇಯಿಸಿದ ಮಾಂಸದ ದಪ್ಪ ಸ್ಯಾಂಡ್‌ವಿಚ್: ಬಳ್ಳಾರಿಯಲ್ಲಿ ಯಾವ ಮಾಂಸ, ಯಾವ ಕಟ್ಟಿಗೆ?

ಪ್ರಶ್ನೆ: ಕೌಲ್ ಬಜಾರ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ನಮ್ಮ ಅಕ್ಕನ ಮಗ ಡಿಸೆಂಬರ್‌ನಲ್ಲಿ ಬಳ್ಳಾರಿಗೆ ಬರುವವನಿದ್ದಾನೆ. ಅಲ್ಲಿ ದನದ ಎದೆಭಾಗದ ಮಾಂಸಕ್ಕೆ ಉಪ್ಪು, ಮಸಾಲೆ ಹಚ್ಚಿ ಹಲವು ದಿನ ಇಟ್ಟು, ಹೊಗೆಯಲ್ಲಿ ಬೇಯಿಸಿ, ರೈ ಎಂಬ ಧಾನ್ಯದ ಬ್ರೆಡ್ಡಿನ ಎರಡು ಹೋಳುಗಳ ನಡುವೆ ಗುಡ್ಡೆ ಹಾಕಿ, ಹಳದಿ ಸಾಸಿವೆ ಸವರಿ ಕೊಡುತ್ತಾರಂತೆ. ಒಂದು ತಿಂದರೆ ಮತ್ತೆ ಊಟ ಬೇಡವೆನ್ನಿಸುವಷ್ಟು ದಪ್ಪವಾಗಿರುತ್ತದೆಯಂತೆ. ಅದನ್ನು ನಮ್ಮ ಮನೆಯ ಮಾಳಿಗೆಯ ಮೇಲೆಯೇ ಮಾಡಬೇಕೆಂಬುದು ಅವನ ಹಟ. ಸಾಮಾನು ಹೊಂದಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ.

ನಮ್ಮ ಮನೆಯಲ್ಲಿ ಕೆಲವರು ಬೀಫ್ ತಿನ್ನುತ್ತಾರೆ, ಕೆಲವರು ಕುರಿಮಾಂಸವನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ದಿನ, ಒಂದೇ ಬೆಂಕಿಯಲ್ಲಿ, ಬೇರೆ ಬೇರೆ ತಟ್ಟೆಗಳಲ್ಲಿ ಮಾಡಲು ಸಾಧ್ಯವೇ ಎಂಬುದು ಮೊದಲ ಸಂದೇಹ. ಬೀಫ್ ಎಂದರೆ ಇಲ್ಲಿ ಸಿಗುವುದು ಎಮ್ಮೆ ಅಥವಾ ಕೋಣದ ಮಾಂಸ. ಅದು ಸಾರಿಗೆ ಹಾಕಿದರೇ ಕುಕ್ಕರಿನಲ್ಲಿ ಹತ್ತಾರು ಸೀಟಿ ಬೇಡುತ್ತದೆ, ಹೀಗಿರುವಾಗ ಬರಿಯ ಹೊಗೆಯ ಕಾವಿಗೆ ಹೇಗೆ ಬೆಂದೀತು? ಇನ್ನು ಕಟ್ಟಿಗೆಯ ವಿಷಯ. ಓಕ್, ಹಿಕರಿ, ಮೇಪಲ್ ಎಂದು ಅವನು ಹೇಳುವ ಮರಗಳು ಇಲ್ಲಿ ಸಿಗುವುದಿಲ್ಲ. ನಮ್ಮ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಇರುವುದು ಬಳ್ಳಾರಿ ಜಾಲಿ. ಮಾಂಸವನ್ನು ಎರಡು ದಿನ ಮಾಳಿಗೆಯ ನೆರಳಿನಲ್ಲಿ ತೂಗುಹಾಕಿ ಸಣ್ಣ ಹೊಗೆ ಕೊಡಬಹುದೇ ಎಂದೂ ಅವನು ಕೇಳಿದ್ದಾನೆ. ಉಪ್ಪುಕಂಡವನ್ನು ನಾವು ಬಿಸಿಲಿಗೇ ಒಣಗಿಸುವುದರಿಂದ ಇದೂ ಆದೀತೆಂದು ನನಗೆ ತೋರುತ್ತದೆ, ಆದರೂ ತಿಳಿದವರನ್ನು ಕೇಳುವುದು ಒಳ್ಳೆಯದಲ್ಲವೇ.

ಉತ್ತರ: ಗಂಗಾವತಿ ಗೆಳೆಯ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿ. ತೂಗುಹಾಕಿ ಸಣ್ಣ ಹೊಗೆ ಕೊಡುವ ತಣ್ಣನೆಯ ಕ್ರಮವನ್ನು ದಯವಿಟ್ಟು ಕೈಬಿಡಿ. ಮಾಂಸದಲ್ಲಿ ಸೂಕ್ಷ್ಮಾಣುಗಳು ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, ನಮ್ಮ ಡಿಸೆಂಬರ್ ಮಧ್ಯಾಹ್ನದ ಸೆಕೆಯೂ ಆ ನಡುವಿನದೇ. ಉಪ್ಪುಕಂಡದ ಲೆಕ್ಕ ಬೇರೆ: ಅಲ್ಲಿ ಮಾಂಸವನ್ನು ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಸೀಳಿ, ಉಪ್ಪು ಅರಿಶಿನ ಧಾರಾಳವಾಗಿ ಹಚ್ಚಿ, ಸುಡುಬಿಸಿಲಿಗೆ ಹರಡುವುದರಿಂದ ನೀರು ಬೇಗ ಆರಿ ಕೆಡುವುದಕ್ಕೆ ಅವಕಾಶವೇ ಉಳಿಯುವುದಿಲ್ಲ. ಎರಡು ಕಿಲೋ ತೂಕದ ಇಡೀ ತುಂಡಿನ ಒಳಗೆ ಆ ಬಿಸಿಲು ಇಳಿಯುವುದಿಲ್ಲ. ನೀವು ಮಾಡಬೇಕಾದದ್ದು ಬಿಸಿ ಹೊಗೆಯ ಅಡುಗೆ, ಅಂದರೆ ಮುಚ್ಚಳದ ಒಳಗಿನ ಗಾಳಿ 110ರಿಂದ 120 ಡಿಗ್ರಿಯಷ್ಟು ಬಿಸಿಯಾಗಿದ್ದು ಮಾಂಸ ಅದೇ ಕಾವಿನಲ್ಲಿ ಪೂರ್ತಿ ಬೇಯಬೇಕು. ಅಮೆರಿಕದ ಟೆಕ್ಸಾಸಿನಲ್ಲಿ ಬ್ರಿಸ್ಕೆಟ್, ಅಂದರೆ ದನದ ಎದೆಭಾಗವನ್ನು ಮಾಡುವುದು ಹೀಗೆಯೇ.

ಅಪಾಯದ ಕಾರಣಕ್ಕೇ ಮಾಂಟ್ರಿಯಲ್‌ನ ಮಾಂಸದ ಒಳಗೆ ಕಾಣುವ ಗುಲಾಬಿ ಬಣ್ಣದ ಆಸೆಯನ್ನೂ ಬಿಡಬೇಕಾಗುತ್ತದೆ. ಅದು ಬರುವುದು ನೈಟ್ರೈಟ್ ಬೆರೆತ ಉಪ್ಪಿನಿಂದ, ಆ ನೈಟ್ರೈಟ್‌ನ ಪ್ರಮಾಣ ಕಿಲೋ ಮಾಂಸಕ್ಕೆ ಸುಮಾರು 150 ಮಿಲಿಗ್ರಾಂ ಮಾತ್ರ. ಅಡುಗೆಮನೆಯ ತಕ್ಕಡಿಗೆ ಸಿಗದ ತೂಕ ಇದು, ಹೆಚ್ಚಾದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬದಲಿಗೆಂದು ಮದ್ದಿನಪುಡಿಗೆ ಹಾಕುವ ಪೆಟ್ಲುಪ್ಪನ್ನು ತಂದು ಕೈಯಳತೆಯಲ್ಲಿ ಹಾಕುವವರನ್ನು ಕಂಡಿದ್ದೇನೆ, ಅದನ್ನಂತೂ ಮಾಡಲೇಬೇಡಿ. ಬರಿಯ ಉಪ್ಪಿನಲ್ಲಿ ಮಾಡಿದ ಮಾಂಸದ ಒಳಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ, ರುಚಿಗೇನೂ ಕೊರತೆಯಿಲ್ಲ.

ಈಗ ಮಾಂಸದ ಆಯ್ಕೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಹಸು, ಕರು, ಹೋರಿ, ಎತ್ತುಗಳನ್ನು ಕಡಿಯುವಂತಿಲ್ಲ. 13 ವರ್ಷ ತುಂಬಿದ ಎಮ್ಮೆ, ಕೋಣಗಳನ್ನು ಮಾತ್ರ ಪ್ರಮಾಣಪತ್ರ ಪಡೆದು ಕಡಿಯಲು ಅವಕಾಶವಿದೆ. ಆದ್ದರಿಂದ ಪರವಾನಗಿ ಇರುವ ಅಂಗಡಿಯಲ್ಲಿಯೇ ಕೊಳ್ಳಬೇಕೆಂಬುದು ಒಂದು ಮಾತು. ಅಡುಗೆಯವನ ಕಣ್ಣಿಗೆ ಕಾಣುವುದು ಇನ್ನೊಂದು: ಕಾಯ್ದೆಯೇ ನಿಮ್ಮ ಮಾಂಸದ ವಯಸ್ಸನ್ನು ನಿಗದಿ ಮಾಡಿದೆ. ಮಾಂಟ್ರಿಯಲ್‌ನವರ ಕೈಗೆ ಬರುವುದು ಎರಡು ವರ್ಷದ ಆಸುಪಾಸಿನ, ಧಾನ್ಯ ತಿಂದು ಕೊಬ್ಬಿದ ಎಳೆಯ ದನ. ನಿಮ್ಮ ಕೈಗೆ ಬರುವುದು ಜೀವಮಾನವಿಡೀ ನಡೆದು ದುಡಿದ, ಕೊಬ್ಬು ಕಡಿಮೆಯಿರುವ, ನಾರು ಬಲಿತ ಪ್ರಾಣಿ. ಅವರ ಪುಸ್ತಕದ ಗಂಟೆಗಳನ್ನು ನೀವು ಹಾಗೆಯೇ ಇಳಿಸಿಕೊಂಡರೆ ಚಪ್ಪಲಿಯ ಅಟ್ಟೆ ಸಿಗುತ್ತದೆ.

ಆದರೆ ಇದರಿಂದ ನಿರಾಶರಾಗಬೇಕಿಲ್ಲ. ಎದೆಭಾಗ ಗಟ್ಟಿಯಾಗಿರುವುದು ಕೊಲಾಜೆನ್ ಎಂಬ ಜೋಡುನಾರಿನಿಂದ, ಅದು 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ಕಾಲುಸೂಪಿಗೆ ಅಂಟು ಬರುವುದೂ ಇದೇ ಕರಗುವಿಕೆಯಿಂದ. ನಾರು ಬಲಿತಷ್ಟೂ ಕರಗಲು ಹೊತ್ತು ಮತ್ತು ತೇವ ಎರಡೂ ಹೆಚ್ಚು ಬೇಕು. ಅಂಗಡಿಯವರಿಗೆ ಎದೆಯ ಭಾಗವನ್ನು ಎಲುಬು ಬಿಡಿಸಿ, ಮೇಲಿನ ಕೊಬ್ಬನ್ನು ಬೆರಳಿನ ಅರ್ಧ ದಪ್ಪದಷ್ಟು ಉಳಿಸಿ, ತುಂಡು ಮಾಡದೆ ಕೊಡಲು ಹಿಂದಿನ ದಿನವೇ ಹೇಳಿಡಿ. ಸಾರಿಗೆಂದುಕೊಂಡು ಕೈ ಅಭ್ಯಾಸಕ್ಕೆ ಕೊಚ್ಚಿಬಿಟ್ಟರೆ ಕೆಲಸ ಕೆಟ್ಟಿತು. ಕಿಲೋಗೆ 15ರಿಂದ 18 ಗ್ರಾಂ ಉಪ್ಪು ಸವರಿ, ಮುಚ್ಚಿ, ಎರಡು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಂಕಿಗೆ ಇಡುವ ಮುನ್ನ ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಮತ್ತು ಹವೀಜವನ್ನು ಮೇಲೆ ಒತ್ತಿದರೆ ಸಾಕು, ಬೇಕಿದ್ದರೆ ಬಣ್ಣಕ್ಕೆ ಬ್ಯಾಡಗಿ ಮೆಣಸಿನಪುಡಿ. ಗರಂ ಮಸಾಲೆ ಬೇಡ. ಲವಂಗ, ಚಕ್ಕೆ ಬಂದವೆಂದರೆ ಹೊಗೆಯ ವಾಸನೆ ಮೂಲೆಗೆ ಸರಿಯುತ್ತದೆ.

ಕುರಿಮಾಂಸದವರಿಗೆ ಮುಂಗಾಲಿನ ಮೇಲ್ಭಾಗವನ್ನು ಎಲುಬು ಸಮೇತ ಇಡಿಯಾಗಿ ತನ್ನಿ. ಅದು ಬದಲಿ ಏರ್ಪಾಡು ಎಂದು ನಿಮ್ಮ ಅಕ್ಕನ ಮಗ ಮೂಗು ಮುರಿದರೆ, ಅಮೆರಿಕದ ಕೆಂಟಕಿ ರಾಜ್ಯದ ಓವೆನ್ಸ್‌ಬರೋ ಊರು ಹೊಗೆಯಲ್ಲಿ ಬೇಯಿಸಿದ ಕುರಿಮಾಂಸಕ್ಕೇ ಹೆಸರಾಗಿದೆ ಎಂದು ಹೇಳಿ. ಬಯಲಿನಲ್ಲಿ ಮೇಯ್ದ ನಮ್ಮ ಬಳ್ಳಾರಿ ತಳಿಯ ಕುರಿ ಈ ಕೆಲಸಕ್ಕೆ ಯಾವ ಬ್ರಿಸ್ಕೆಟ್‌ಗೂ ಕಡಿಮೆಯಿಲ್ಲವೆಂಬುದು ನನ್ನ ಅಭಿಪ್ರಾಯ.

ಉತ್ತರ: ಸಿಂಧನೂರಿನ ಒಲೆ

ಮಾಂಸದ ಬಗ್ಗೆ ಗಂಗಾವತಿಯವರು ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಕಟ್ಟಿಗೆಯ ವಿಷಯದಲ್ಲಿ ಮಾತ್ರ, ನಿಮ್ಮ ಮನೆಯ ಹಿಂದೆ ಇರುವುದನ್ನು ಬಿಟ್ಟು ಓಕ್ ಹುಡುಕುತ್ತಿದ್ದೀರಿ ಎನ್ನಬೇಕಾಗಿದೆ. ಟೆಕ್ಸಾಸಿನ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಮಾಂಸಕ್ಕೆ ಹೊಗೆ ಕೊಡಲು ಬಳಸುವ ಮೆಸ್ಕೀಟ್ ಮರವೂ ನಮ್ಮ ಬಳ್ಳಾರಿ ಜಾಲಿಯೂ ಪ್ರೊಸೊಪಿಸ್ ಎಂಬ ಒಂದೇ ಕುಲದ ದಾಯಾದಿಗಳು. ನಮ್ಮದು ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದು, ಕೆರೆಯಂಗಳ, ಗೋಮಾಳ, ಕಾಲುವೆಯ ದಂಡೆಗಳನ್ನೆಲ್ಲ ನುಂಗಿದ ಮುಳ್ಳುಗಿಡ. ಅದನ್ನು ಶಪಿಸದ ರೈತರಿಲ್ಲ. ಆದರೂ ಈ ಸೀಮೆಯ ಹೋಟೆಲುಗಳ ತಂದೂರಿಗೆ ಬರುವ ಇದ್ದಿಲು ಹೆಚ್ಚಾಗಿ ಅದರದೇ.

ಆದರೆ ಜಾಲಿಯ ಹೊಗೆ ಖಾರ. ಮೆಸ್ಕೀಟ್ ಬಗ್ಗೆ ಟೆಕ್ಸಾಸಿನವರು ಹೇಳುವ ದೂರೂ ಇದೇ: ಜೋರಾಗಿ ಉರಿಯುತ್ತದೆ, ಹೊತ್ತು ಹೆಚ್ಚಾದರೆ ಮಾಂಸ ಕಹಿಯಾಗುತ್ತದೆ. ಆದ್ದರಿಂದ ಕಾವಿಗೆ ಜಾಲಿಯ ಇದ್ದಿಲನ್ನೂ, ಹೊಗೆಗೆ ಪೇರಲ ಅಥವಾ ಮಾವಿನ ಒಣಕಟ್ಟಿಗೆಯನ್ನೂ ಬಳಸಿ, ಜಾಲಿಯ ಹಸಿವಾಸನೆಯಿಲ್ಲದ ಒಂದೆರಡು ತುಂಡುಗಳನ್ನು ಮೊದಲ ಗಂಟೆಯಲ್ಲಿ ಮಾತ್ರ ಇಡುವುದು ಸೂಕ್ತ. ತೊಗಟೆ ಸುಲಿದು, ಕನಿಷ್ಠ ಆರು ತಿಂಗಳು ಒಣಗಿದ, ಮುಷ್ಟಿಗಾತ್ರದ ತುಂಡುಗಳಿರಲಿ. ನೀರಿನಲ್ಲಿ ನೆನೆಸಿಡುವ ಸಲಹೆಯನ್ನು ಎಲ್ಲೆಲ್ಲೂ ಕೊಡುತ್ತಾರೆ. ಗಟ್ಟಿ ಕಟ್ಟಿಗೆಯೊಳಗೆ ನೀರು ಇಳಿಯುವುದೇ ಇಲ್ಲ, ಮೇಲಿನ ತೇವ ಆರುವವರೆಗೆ ಹಬೆ ಎದ್ದು ಬೆಂಕಿ ಮಂಕಾಗುತ್ತದೆ, ಅಷ್ಟೇ ಲಾಭ.

ನಮ್ಮ ಕಡೆ ಒಲೆಗೆ ಹತ್ತಿಕಟ್ಟಿಗೆ ಹಾಕುವ ರೂಢಿಯಿದೆಯಲ್ಲ, ಅದನ್ನು ಈ ಕೆಲಸಕ್ಕೆ ಹತ್ತಿರವೂ ತರಬೇಡಿ. ಹತ್ತಿ ಬೆಳೆಗೆ ಎಷ್ಟು ಸಲ ಔಷಧ ಹೊಡೆಯುತ್ತಾರೆಂಬುದು ಹೊಲ ಇರುವವರಿಗೆಲ್ಲ ಗೊತ್ತು, ಮತ್ತು ಇಲ್ಲಿ ಹೊಗೆಯೇ ಆಹಾರದ ಮೇಲೆ ಕೂರುತ್ತದೆ. ಮೆಣಸಿನ ಗಿಡದ ಕಡ್ಡಿಯೂ ಬೇಡ, ಅದರ ಘಾಟಿಗೆ ಓಣಿಯೇ ಕೆಮ್ಮುತ್ತದೆ. ನೀಲಗಿರಿಯಲ್ಲಿ ಎಣ್ಣೆ ಹೆಚ್ಚು, ಬೇವು ಕಹಿ, ಕಣಗಿಲ ವಿಷ. ಬಣ್ಣ ಬಳಿದ ಹಳೆಯ ಬಾಗಿಲು, ಪ್ಲೈವುಡ್, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳನ್ನು ಉರಿಸುವವರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ ತಿಳಿಯದು.

ಸಾಧನಕ್ಕೆ 200 ಲೀಟರಿನ ಕಬ್ಬಿಣದ ಡ್ರಮ್ಮು ಸಾಕು, ಆದರೆ ಅಡುಗೆ ಎಣ್ಣೆ ತುಂಬಿದ್ದದ್ದೇ ಆಗಿರಬೇಕು. ರಾಸಾಯನಿಕ, ಕೀಟನಾಶಕ ಅಥವಾ ಡೀಸೆಲ್ ಇದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಬಳಸುವಂತಿಲ್ಲ. ಮೊದಲು ಖಾಲಿ ಡ್ರಮ್ಮಿನೊಳಗೆ ಜೋರು ಬೆಂಕಿ ಹಾಕಿ ಬಣ್ಣವೆಲ್ಲ ಸುಟ್ಟುಹೋಗುವಂತೆ ಮಾಡಿ, ಉಜ್ಜಿ ತೊಳೆಯಿರಿ. ಮೇಲಿನ ಜಾಳಿಗೆಗೆ ಸತುವಿನ ಲೇಪವಿರುವ ತಂತಿಬಲೆಯನ್ನು ತರಬೇಡಿ, ಕಾದಾಗ ಅದರ ಆವಿ ಒಳ್ಳೆಯದಲ್ಲ, ಸ್ಟೀಲಿನದೇ ಇರಲಿ. ಕೆಳಗೆ ಗಾಳಿಗೆ ಮುಚ್ಚಿ ತೆರೆಯಬಲ್ಲ ಎರಡು ತೂತು, ಮುಚ್ಚಳದಲ್ಲಿ ಹೊಗೆ ಹೋಗಲು ಒಂದು ತೂತು, ಇಷ್ಟನ್ನು ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ಕೆಂಡವನ್ನು ಒಂದು ಬದಿಗೆ ಸರಿಸಿ, ಮಾಂಸವನ್ನು ಇನ್ನೊಂದು ಬದಿಗೆ ಇಟ್ಟು, ಅದರ ಕೆಳಗೆ ನೀರು ತುಂಬಿದ ತಟ್ಟೆಯನ್ನಿಡಿ. ಸುರಿಯುವ ಕೊಬ್ಬು ಅದರಲ್ಲಿ ಬೀಳುತ್ತದೆ, ಒಳಗಿನ ಗಾಳಿಯೂ ಒಣಗುವುದಿಲ್ಲ. ಎಮ್ಮೆಯ ಮಾಂಸಕ್ಕೂ ಕುರಿಮಾಂಸಕ್ಕೂ ಬೇರೆ ಜಾಳಿಗೆ, ಬೇರೆ ತಟ್ಟೆ ಇಡಿ. ಕೊಬ್ಬಿನ ಹನಿ ಒಂದರ ಮೇಲಿನದು ಇನ್ನೊಂದಕ್ಕೆ ಬೀಳದಂತೆ ಅಕ್ಕಪಕ್ಕ ಇಡಬೇಕೇ ಹೊರತು ಮೇಲೆ ಕೆಳಗೆ ಅಲ್ಲ. ಬೆಂಕಿಯೂ ಹೊಗೆಯೂ ಒಂದೇ ಇರುವುದನ್ನು ಮಾತ್ರ ಕುರಿಮಾಂಸದವರಿಗೆ ಮುಂಚೆಯೇ ತಿಳಿಸಿ, ಅವರು ಒಪ್ಪದಿದ್ದರೆ ಕುರಿಯದನ್ನು ಮೊದಲು ಮುಗಿಸಿ ತೆಗೆದುಬಿಡಿ.

ಹೊಗೆ ಹೇಗಿದೆ ಎಂಬುದನ್ನು ಮುಚ್ಚಳದ ತೂತಿನ ಮೇಲೆ ಕಣ್ಣಿಟ್ಟು ಅರಿಯಬೇಕು. ಹೊತ್ತಿಸಿದ ಕೂಡಲೇ ದಟ್ಟವಾದ ಬಿಳಿಹೊಗೆ ಹೊರಳಿಕೊಂಡು ಬರುತ್ತದೆ. ಅದರಲ್ಲಿ ಅರೆಬೆಂದ ಕಟ್ಟಿಗೆಯ ಅಂಟೆಣ್ಣೆ ಇರುತ್ತದೆ, ಆಗ ಮಾಂಸ ಇಟ್ಟರೆ ನಾಲಿಗೆ ಜೋಮು ಹಿಡಿಯುವ ಕಹಿ ಗ್ಯಾರಂಟಿ. ಸ್ವಲ್ಪ ಕಾದರೆ ಬಿಳುಪು ಕರಗಿ, ಎದುರಿನ ಗೋಡೆ ನಡುಗಿದಂತೆ ಕಾಣುವ ತೆಳುವಾದ ನೀಲಿಹೊಗೆ ಉಳಿಯುತ್ತದೆ. ಆಗ ಇಡಿ, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮಾಂಸವನ್ನೇ ಇಡಿ, ಏಕೆಂದರೆ ತಣ್ಣಗೆ ತೇವವಾಗಿರುವ ಮೈಗೆ ಹೊಗೆ ಚೆನ್ನಾಗಿ ಹತ್ತುತ್ತದೆ. ಮೊದಲ ಮೂರು ನಾಲ್ಕು ಗಂಟೆಯ ಹೊಗೆಯೇ ಮುಖ್ಯ. ಆಮೇಲೆ ಬೇಕಾದದ್ದು ಬರಿಯ ಕಾವು.

ಪ್ರತಿಕ್ರಿಯೆ: ಕೌಲ್ ಬಜಾರ್ ನಿವಾಸಿ

ಇಬ್ಬರಿಗೂ ಅನಂತ ಧನ್ಯವಾದಗಳು. ಜಾಲಿಯ ನಂಟಸ್ತಿಕೆಯ ವಿಷಯವನ್ನು ಫೋನಿನಲ್ಲಿ ಹೇಳಿದಾಗ ಅಕ್ಕನ ಮಗನಿಗೆ ಮಾತೇ ಹೊರಡಲಿಲ್ಲ. ಉಳಿದಿರುವ ಗೊಂದಲವೆಂದರೆ, ನಾಲ್ಕು ಗಂಟೆಯ ಹೊಗೆಯ ನಂತರ ಆ ಬಲಿತ ಎಮ್ಮೆಯ ಮಾಂಸವನ್ನು ಇಡೀ ರಾತ್ರಿ ಡ್ರಮ್ಮಿನ ಮುಂದೆ ಕಾದು ಕುಳಿತು ಬೇಯಿಸಬೇಕೇ? ನಮ್ಮ ಅತ್ತೆಯವರಂತೂ ಕುಕ್ಕರಿಗೆ ಹಾಕಿ ಮುಗಿಸಿ ಎನ್ನುತ್ತಿದ್ದಾರೆ. ರೈ ಬ್ರೆಡ್ ಇಲ್ಲದ ಊರಿನಲ್ಲಿ ಬ್ರೆಡ್ಡಿಗೇನು ದಾರಿ?

ಉತ್ತರ: ರಾಯಚೂರು ಕೋಟೆ

ನಿಮ್ಮ ಅತ್ತೆಯವರ ಮಾತೇ ಸರಿ ಎಂಬುದು ನನ್ನ ಮತ. ನಿಜಾಮರ ಕಾಲದಿಂದ ನಮ್ಮ ರಾಯಚೂರಿನ ಮನೆಗಳಲ್ಲಿ ಬೆಂದ ಮಾಂಸದ ಪಾತ್ರೆಯ ನಡುವೆ ಬಟ್ಟಲಿನಲ್ಲಿ ಕೆಂಡವಿಟ್ಟು, ಅದರ ಮೇಲೆ ತುಪ್ಪ ಹನಿಸಿ, ಮುಚ್ಚಳ ಮುಚ್ಚಿ ಹೊಗೆ ಹಿಡಿಸುವ ಧುಂಗಾರ್ ಇದೆ. ಮಾಂಸವನ್ನು ಕುಕ್ಕರಿನಲ್ಲಿ ಬೇಯಿಸಿ, ಕಾಲು ಗಂಟೆ ಧುಂಗಾರ್ ಕೊಟ್ಟರೆ ಎರಡು ತಾಸಿನಲ್ಲಿ ಸ್ಯಾಂಡ್‌ವಿಚ್ ಸಿದ್ಧ. ಡ್ರಮ್ಮು, ವೆಲ್ಡಿಂಗ್, ಆರು ತಿಂಗಳ ಕಟ್ಟಿಗೆ ಇವೆಲ್ಲ ಬಿಡುವಿದ್ದವರ ಖಯಾಲಿ.

ಉತ್ತರ: ಕೊಪ್ಪಳದ ಬೇಕರಿಯವ

ಧುಂಗಾರ್ ನನಗೂ ಪ್ರಿಯವೇ, ಫ್ಲ್ಯಾಟಿನಲ್ಲಿರುವವರಿಗೆ ಅದೇ ಗತಿ. ಆದರೆ ಅದರಲ್ಲಿ ಹೊಗೆಯಾಡುವುದು ತುಪ್ಪ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಸುಟ್ಟು ಹುಟ್ಟುವ ವಾಸನೆ ಬೇರೆಯದು. ಇನ್ನು ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಮಾಂಸದ ಸತ್ವ ನೀರಿಗೆ ಇಳಿದು, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆಯೇ ಹೊರತು ಹೋಳು ಬರುವುದಿಲ್ಲ. ಈ ಸ್ಯಾಂಡ್‌ವಿಚ್ಚಿನ ಜೀವವಿರುವುದು ಹೋಳಿನಲ್ಲಿ.

ರಾತ್ರಿಯಿಡೀ ಕಾಯುವ ಅಗತ್ಯ ಮಾತ್ರ ಖಂಡಿತ ಇಲ್ಲ, ಏಕೆಂದರೆ ಮಾಂಟ್ರಿಯಲ್‌ನ ಮಾಂಸವಾಗಲಿ, ಅದೇ ಬಗೆಯ ನ್ಯೂಯಾರ್ಕಿನ ಪಾಸ್ಟ್ರಾಮಿ ಎಂಬ ಮಾಂಸವಾಗಲಿ ಹೊಗೆಯಲ್ಲೇ ಪೂರ್ತಿ ಮೆತ್ತಗಾಗುವುದಿಲ್ಲ. ಕೊನೆಯಲ್ಲಿ ಹಬೆಯಲ್ಲಿ ಬೇಯುತ್ತವೆ. ಹಬೆಯ ಪಾತ್ರೆ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಮಾಂಸದ ಒಳಗಿನ ಕಾವು 65ರಿಂದ 75 ಡಿಗ್ರಿಯ ನಡುವೆ ಗಂಟೆಗಟ್ಟಲೆ ನಿಂತುಬಿಡುತ್ತದೆ, ಮೈಯ ಬೆವರು ಆರುತ್ತ ಕಾವನ್ನು ಹೀರುವುದೇ ಅದಕ್ಕೆ ಕಾರಣ. ಅಲ್ಲಿಗೆ ಬಂದು ನಿಂತಾಗ ಡ್ರಮ್ಮಿನಿಂದ ತೆಗೆದು, ದೊಡ್ಡ ಇಡ್ಲಿ ಪಾತ್ರೆಯಲ್ಲಿ ತಟ್ಟೆಗಳನ್ನು ತೆಗೆದು ಜಾಲರಿಯ ಮೇಲಿಟ್ಟು, ಸಣ್ಣ ಉರಿಯಲ್ಲಿ ಹಬೆ ಕೊಡಿ. ಹಬೆಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ ಕಾವು ಮುಂದೆ ಸಾಗುತ್ತದೆ. ಎರಡು ಕಿಲೋ ಎಮ್ಮೆಯ ತುಂಡಿಗೆ ಮೂರರಿಂದ ನಾಲ್ಕು ಗಂಟೆ ಹಿಡಿಯಬಹುದು, ಕುರಿಯ ಮುಂಗಾಲಿಗೆ ಅದರ ಅರ್ಧ. ಗಡಿಯಾರವನ್ನು ನಂಬದೆ, ದಬ್ಬಣ ಚುಚ್ಚಿ ನೋಡಿ. ಮೆತ್ತನೆಯ ಬೆಣ್ಣೆಯೊಳಗೆ ಹೋದಂತೆ ಸಲೀಸಾಗಿ ಇಳಿದರೆ ಆಯಿತು. ಥರ್ಮಾಮೀಟರ್ ಇದ್ದರೆ ಒಳಗೆ 93ರಿಂದ 96 ಡಿಗ್ರಿ ಬಂದಿರಬೇಕು. ಪಾತ್ರೆಯ ನೀರು ಆರದಂತೆ ನಡುನಡುವೆ ಕುದಿನೀರು ಹಾಕುವುದನ್ನು ಮರೆಯಬೇಡಿ.

ತೆಗೆದ ಕೂಡಲೇ ಕತ್ತಿ ಹಾಕಬಾರದು. ಬೆಣ್ಣೆಕಾಗದದಲ್ಲಿ ಸುತ್ತಿ, ಮೇಲೆ ದಪ್ಪ ಟವೆಲ್ ಹೊದಿಸಿ ಒಂದು ಗಂಟೆ ಬಿಡಿ. ಬಳಿಕ ಎಳೆಗಳು ಯಾವ ದಿಕ್ಕಿಗೆ ಓಡಿವೆಯೆಂದು ನೋಡಿ, ಅವಕ್ಕೆ ಅಡ್ಡಲಾಗಿ, ಪೆನ್ಸಿಲ್ಲಿನ ಅರ್ಧ ದಪ್ಪಕ್ಕೆ ಕೊಯ್ಯಿರಿ. ಬಲಿತ ಮಾಂಸದಲ್ಲಿ ಈ ಅಡ್ಡಕೊಯ್ತವೇ ಅರ್ಧ ಮೆದುತನವನ್ನು ತರುತ್ತದೆ. ಬೆಂದ ಮೇಲೆ ತೂಕ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುವುದರಿಂದ, ಎರಡು ಕಿಲೋ ಹಸಿಮಾಂಸಕ್ಕೆ 150 ಗ್ರಾಂ ತುಂಬಿದ ಎಂಟು ಸ್ಯಾಂಡ್‌ವಿಚ್ ಎಂದು ಲೆಕ್ಕ ಹಾಕಿ.

ಬ್ರೆಡ್ ನನ್ನ ಕಸುಬು, ಆದ್ದರಿಂದ ಇದನ್ನು ತುಸು ವಿವರವಾಗಿಯೇ ಹೇಳುತ್ತೇನೆ. ಬೇಕರಿಯಲ್ಲಿ ಕೊಯ್ದು ಕವರಿಗೆ ಹಾಕಿದ ಸಿಹಿಬ್ರೆಡ್ ಈ ಭಾರವನ್ನು ತಡೆಯುವುದಿಲ್ಲ. ಮಾಂಸದ ರಸಕ್ಕೆ ನೆನೆದು ಕೈಯಲ್ಲೇ ಕುಸಿಯುತ್ತದೆ. ಉಪ್ಪುಬ್ರೆಡ್ಡಿನ ಕೊಯ್ಯದ ಇಡೀ ಲೋಫನ್ನು ಹಿಂದಿನ ದಿನವೇ ಕೊಂಡು, ಒಂದು ರಾತ್ರಿ ಹಳತಾಗಲು ಬಿಟ್ಟು, ಹೆಬ್ಬೆರಳಿನ ದಪ್ಪದ ಹೋಳು ಮಾಡಿ, ನೀರುತಟ್ಟೆಯ ಮೇಲೆ ತೇಲುವ ಕೊಬ್ಬನ್ನು ಸವರಿ ಒಳಮೈಯನ್ನು ಮಾತ್ರ ಕಾವಲಿಯ ಮೇಲೆ ಕೆಂಪಗಾಗಿಸಿ. ಮನೆಯಲ್ಲೇ ಸುಡುವುದಾದರೆ ಹಿಟ್ಟಿನ ಐದರಲ್ಲಿ ಒಂದು ಪಾಲು ಜೋಳದ ಹಿಟ್ಟು ಸೇರಿಸಬಹುದು; ಜೋಳದಲ್ಲಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟನ್ ಇಲ್ಲದ ಕಾರಣ ಅದಕ್ಕಿಂತ ಹೆಚ್ಚಾದರೆ ಬ್ರೆಡ್ ಉಬ್ಬುವುದಿಲ್ಲ. ಹಿಟ್ಟಿಗೆ ಹಿಂದಿನ ದಿನದ ಹುಳಿಮಜ್ಜಿಗೆಯನ್ನೂ ಒಂದು ಚಮಚ ಶಾಜೀರಿಗೆಯನ್ನೂ ಹಾಕಿದರೆ ರೈ ಬ್ರೆಡ್ಡಿನ ಹುಳಿಗೂ ಕಂಪಿಗೂ ಹತ್ತಿರ ಬರುತ್ತದೆ. ಜೋಳದ ರೊಟ್ಟಿಯಲ್ಲೇ ಸುತ್ತಿಕೊಡಿ ಎನ್ನುವವರು ಬಂದೇ ಬರುತ್ತಾರೆ. ಬಿಸಿರೊಟ್ಟಿಯಲ್ಲಿ ಅದು ಸೊಗಸಾಗಿಯೇ ಇರುತ್ತದೆ, ಆದರೆ ಅಕ್ಕನ ಮಗ ಕೇಳಿದ್ದು ಅದನ್ನಲ್ಲ.

ಸಾಸಿವೆಗೆ ಹಳದಿ ಕಾಳನ್ನು ವಿನಿಗರಿನಲ್ಲಿ ಒಂದು ರಾತ್ರಿ ನೆನೆಸಿ, ಉಪ್ಪು, ಚಿಟಿಕೆ ಅರಿಶಿನ ಸೇರಿಸಿ ಅರೆದು, ಎರಡು ದಿನ ಬಿಡಿ. ಅರೆದ ದಿನ ಇರುವ ಕಹಿ ಆಮೇಲೆ ಇಳಿಯುತ್ತದೆ. ನಮ್ಮ ಒಗ್ಗರಣೆಯ ಕರಿಸಾಸಿವೆ ಇದಕ್ಕೆ ಬಲು ಘಾಟು. ಜೊತೆಗೆ ಹುಳಿ ಸೌತೆಕಾಯಿ ಇರಲೇಬೇಕು, ಇಲ್ಲವಾದರೆ ಕೊಬ್ಬು ನಾಲಿಗೆಗೆ ಅಂಟಿಕೊಳ್ಳುತ್ತದೆ. ಲೀಟರ್ ನೀರಿಗೆ 40 ಗ್ರಾಂ ಉಪ್ಪು ಕರಗಿಸಿ, ಎಳೆಯ ಸೌತೆಕಾಯಿ, ಬೆಳ್ಳುಳ್ಳಿ, ಹೂವು ಬಿಟ್ಟ ಸಬ್ಬಸಿಗೆ ಹಾಕಿ, ಕಾಯಿಗಳು ನೀರಿನಲ್ಲಿ ಮುಳುಗಿರುವಂತೆ ತೂಕ ಇಟ್ಟು ಜಾಡಿ ಮುಚ್ಚಿದರೆ ನಮ್ಮ ಸೆಕೆಗೆ ಮೂರು ನಾಲ್ಕು ದಿನದಲ್ಲಿ ಹುಳಿ ಬರುತ್ತದೆ. ಅಮೆರಿಕದವರೂ ಇದಕ್ಕೆ ಹಾಕುವುದು ಸಬ್ಬಸಿಗೆಯನ್ನೇ.

ಪ್ರತಿಕ್ರಿಯೆ: ಕೌಲ್ ಬಜಾರ್ ನಿವಾಸಿ

ಇಡ್ಲಿ ಪಾತ್ರೆಯ ಉಪಾಯ ಅತ್ತೆಯವರಿಗೂ ಒಪ್ಪಿಗೆಯಾಯಿತು, ಅವರ ಕಟ್ಟಪ್ಪಣೆ ಏನೆಂದರೆ ಅದಕ್ಕೆ ಬೇರೆ ಪಾತ್ರೆಯನ್ನೇ ಕೊಳ್ಳಬೇಕು. ನೆಂಟರು ಎರಡು ಕಂತಿನಲ್ಲಿ ಬರುವುದರಿಂದ ಉಳಿದ ಮಾಂಸವನ್ನು ಮರುದಿನಕ್ಕೆ ಇಡಬಹುದೇ?

ಉತ್ತರ: ಕೊಪ್ಪಳದ ಬೇಕರಿಯವ

ಇಡಬಹುದು. ಹೋಳು ಮಾಡದೆ ಇಡಿಯಾಗಿಯೇ, ಬೆಂದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ದಿನದೊಳಗೆ ಮುಗಿಸಿ. ತಣ್ಣಗಿರುವಾಗ ಜೆಲಾಟಿನ್ ಗಟ್ಟಿಯಾಗಿರುವುದರಿಂದ ಹೋಳುಗಳು ಮೊದಲ ದಿನಕ್ಕಿಂತ ಚೊಕ್ಕವಾಗಿ ಬರುತ್ತವೆ. ಬೇಕಾದಷ್ಟನ್ನೇ ಕೊಯ್ದು, ಅದೇ ಹೊಸ ಪಾತ್ರೆಯಲ್ಲಿ ಹೋಳುಗಳು ಪೂರ್ತಿ ಬಿಸಿಯಾಗುವವರೆಗೆ ಹಬೆ ಕೊಡಿ, ಮೈಕ್ರೋವೇವ್ ಬೇಡ.